ಗಡಿನಾಡಿನ ಕೊಲೆ ಆರೋಪಿ ಪೂರ್ವಜ: ಕಡತ ಹುಡುಕುವ ದಾರಿ

‘ಮುತ್ತಾತ ಯಾರನ್ನೋ ಕೊಂದು ಗಲ್ಲಿಗೇರಿದನಂತೆ’ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ, ಕುಟುಂಬ ಅಮೆರಿಕದ ಹಳೆಯ ಇಂಡಿಯನ್ ಟೆರಿಟರಿಯದು, ಅಂದರೆ ಇಂದಿನ ಒಕ್ಲಹೋಮಾದ್ದು. ಇಂಥ ಕಡೆ ನಾನು ಹಳೆಯ ಪತ್ರಿಕೆಗಳನ್ನು ಮೊದಲು ತೆರೆಯುವುದಿಲ್ಲ. ಕೃತ್ಯ ನಡೆದ ವರ್ಷ ಯಾವುದು, ಕೊಂದವನೂ ಸತ್ತವನೂ ಯಾರ ಪ್ರಜೆಗಳು ಎಂದು ಗೊತ್ತುಮಾಡಿಕೊಳ್ಳುತ್ತೇನೆ. ಇಬ್ಬರೂ ಚೆರೋಕಿ ಎಂಬ ಮೂಲನಿವಾಸಿ ಜನಾಂಗದವರಾಗಿದ್ದರೆ ವಿಚಾರಣೆ ಅವರದೇ ಆಡಳಿತವಾದ ಚೆರೋಕಿ ನೇಷನ್ನಿನ ಕೋರ್ಟಿನದು. ಆ ದಾಖಲೆಗಳಿಗೆ ಒಕ್ಲಹೋಮಾ ಹಿಸ್ಟಾರಿಕಲ್ ಸೊಸೈಟಿಗೆ ಹೋಗಬೇಕು. ಒಬ್ಬ ಹೊರಗಿನವನಾಗಿದ್ದರೆ ಪ್ರಕರಣ ಆರ್ಕನ್ಸಾದ ಫೋರ್ಟ್ ಸ್ಮಿತ್‌ನ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕೋರ್ಟಿಗೆ. 1883ರಲ್ಲಿ ಟೆರಿಟರಿಯ ಕೆಲವು ಭಾಗ ಕ್ಯಾನ್ಸಸ್, ಟೆಕ್ಸಸ್‌ನ ಕೋರ್ಟುಗಳಿಗೆ ಹೋಯಿತು. 1896ರ ಸೆಪ್ಟೆಂಬರ್ 1ಕ್ಕೆ ಫೋರ್ಟ್ ಸ್ಮಿತ್‌ನ ಅಧಿಕಾರವೇ ಕೊನೆಗೊಂಡಿತು. ಇದನ್ನು ನೋಡದೆ ಹೊರಟವರು ಇಲ್ಲದ ಊರಿನಲ್ಲಿ ಹುಡುಕುತ್ತಾರೆ.

ಫೋರ್ಟ್ ಸ್ಮಿತ್‌ನ ಆರೋಪಿಗಳ ಕಡತಗಳು ಈಗ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಅಂದರೆ ಸರ್ಕಾರದ ದಾಖಲೆ ಭಂಡಾರದಲ್ಲಿವೆ, ಆರೋಪಿಯ ಹೆಸರಿನ ಮೇಲೆ ಸಿಗುತ್ತವೆ. ಅಡ್ಡಹೆಸರು, ಕಾಗುಣಿತದ ವ್ಯತ್ಯಾಸ ಎಲ್ಲವನ್ನೂ ಹಾಕಿ ನೋಡಬೇಕು. ವಾರಂಟ್, ಆರೋಪಪಟ್ಟಿ, ಕಮಿಷನರ್ (ಮೊದಲ ವಿಚಾರಣೆ ನಡೆಸುವ ಅಧಿಕಾರಿ) ಮುಂದಿನ ಸಾಕ್ಷಿ ಹೇಳಿಕೆ, ಸಮನ್ಸ್ ಒಳಗಿರುತ್ತವೆ. ವಂಶಾವಳಿ ಹುಡುಕುವವರಿಗೆ ನಿಜವಾದ ನಿಧಿ ಸಮನ್ಸ್. ಸಾಕ್ಷಿಗಳು ನೆರೆಯವರು, ಭಾವಮೈದುನರು, ಒಂದೇ ಹೊಳೆಯ ದಂಡೆಯವರು. 1890ರ ಜನಗಣತಿಯ ಹಾಳೆಗಳು 1921ರ ಬೆಂಕಿಯಿಂದ ಬಹುತೇಕ ನಾಶವಾದ ಮೇಲೆ, ಆ ದಶಕದಲ್ಲಿ ಯಾರು ಎಲ್ಲಿದ್ದರು ಎನ್ನಲು ಇಂಥ ಪಟ್ಟಿಗಳೇ ಆಧಾರ. ಕೋರ್ಟಿನ ಮುಖ್ಯ ವಿಚಾರಣೆಯ ಹೇಳಿಕೆ ಕಡತದಲ್ಲಿ ಇಲ್ಲದಿದ್ದರೆ ಎದೆಗುಂದಬೇಡಿ: 1889ರಿಂದ ಮರಣದಂಡನೆಗೆ ಸುಪ್ರೀಂ ಕೋರ್ಟಿನಲ್ಲಿ ಮೇಲ್ಮನವಿಗೆ ಅವಕಾಶವಿತ್ತು. ಮೇಲ್ಮನವಿ ಹೋಗಿದ್ದರೆ ಅದರ ದಾಖಲೆಯನ್ನೂ ತರಿಸಿ, ಆ ಹೇಳಿಕೆ ಅಲ್ಲಿರಬಹುದು.

ಆರೋಪವನ್ನು ಅಪರಾಧವೆಂದು ವಂಶವೃಕ್ಷದಲ್ಲಿ ಬರೆಯಲೇಬೇಡಿ. 1887ರಲ್ಲಿ ಡೆಪ್ಯುಟಿ ಮಾರ್ಷಲ್ (ಫೆಡರಲ್ ಕೋರ್ಟಿನ ಪರ ಆರೋಪಿಗಳನ್ನು ಹಿಡಿಯುವ ಅಧಿಕಾರಿ) ಡ್ಯಾನ್ ಮೇಪಲ್ಸ್‌ನನ್ನು ಕೊಂದನೆಂಬ ಆರೋಪ ಹೊತ್ತ ಚೆರೋಕಿ ನೆಡ್ ಕ್ರಿಸ್ಟಿಯನ್ನು 1892ರಲ್ಲಿ ಮುತ್ತಿಗೆ ಹಾಕಿ ಕೊಂದರು. ಅವನ ವಿಚಾರಣೆಯೇ ನಡೆಯಲಿಲ್ಲ. ಅವನು ನಿರ್ದೋಷಿ ಎನ್ನುವ ಸಾಕ್ಷ್ಯ 1918ರಲ್ಲಿ ಹೊರಬಂತು. ಅದಕ್ಕೇ ನಾನು ‘ಆರೋಪ’, ‘ತೀರ್ಪು’, ‘ಶಿಕ್ಷೆ’ ಮೂರನ್ನೂ ಬೇರೆಬೇರೆ ತಾರೀಖಿನೊಂದಿಗೆ ದಾಖಲಿಸುತ್ತೇನೆ. ಒಂದೇ ಮನೆಯಲ್ಲಿ ಕಾನೂನಿನ ಪರ ಇದ್ದವರನ್ನೂ ವಿರುದ್ಧ ಇದ್ದವರನ್ನೂ ನೋಡಬೇಕು: ಡಾಲ್ಟನ್ ಸಹೋದರರಲ್ಲಿ ಫ್ರಾಂಕ್ ಡೆಪ್ಯುಟಿ ಮಾರ್ಷಲ್ ಆಗಿ 1887ರಲ್ಲಿ ಸತ್ತ, ಬಾಬ್, ಗ್ರ್ಯಾಟ್ 1892ರಲ್ಲಿ ಕಾಫಿವಿಲ್‌ನಲ್ಲಿ ಬ್ಯಾಂಕ್ ದರೋಡೆ ಮಾಡಲು ಹೋಗಿ ಸತ್ತರು.

ಶಿಕ್ಷೆ ಅನುಭವಿಸಿದವನಾದರೆ ಸೆರೆಮನೆಯ ಕಡತವನ್ನೂ ಕೇಳಿ. 1895ರಿಂದ ಲೆವನ್‌ವರ್ತ್ ಫೆಡರಲ್ ಸೆರೆಮನೆಯ ಕೈದಿಗಳ ಕಡತಗಳು ಕ್ಯಾನ್ಸಸ್ ಸಿಟಿಯ ಆರ್ಕೈವ್ಸ್‌ನಲ್ಲಿವೆ. ಕ್ಷಮಾದಾನ ಕೋರಿದ್ದರೆ ಆ ಅರ್ಜಿಯನ್ನು ಬಿಡಬೇಡಿ. ಊರಿನವರು ಸಹಿ ಮಾಡಿದ ಮನವಿ, ಪರವಾಗಿಯೂ ವಿರೋಧವಾಗಿಯೂ ಬಂದ ಪತ್ರಗಳು ಅದರ ಜೊತೆಗಿರಬಹುದು. ಕೊಲೆಯಾದವನ ಹೆಂಡತಿ ಮಕ್ಕಳ ಹೆಸರನ್ನೂ ಆಗಲೇ ಬರೆದಿಟ್ಟುಕೊಳ್ಳಿ, ಅವರ ಸಂತತಿಯೂ ಇದೇ ಕಡತವನ್ನು ಹುಡುಕುತ್ತಿರುತ್ತದೆ.