ಟೆಂಟಾ ಹ್ಯಾಮಕ್ಕಾ? ಮಳೆಗೆ ಚಂಡಿಯಾಗಿ, ನುಸಿ ಕಚ್ಚಿಸಿಕೊಂಡು ಕಲಿತದ್ದು

ನಾನು ಮೊದಲು ತಗೊಂಡದ್ದು ಟೆಂಟು. ಇಬ್ಬರು ಮಲಗುವ ಡೋಮ್ ಟೆಂಟ್, 2.6 ಕಿಲೋ ತೂಕ, ಬಣ್ಣ ನೋಡಿಯೇ ಮರುಳಾದದ್ದು. ಬ್ಯಾಗ್ ಹೊತ್ತು ನಡೆಯುದು ಅಂದ್ರೆ ನನ್ನದು ಹಿಮಾಲಯ ಗಿಮಾಲಯ ಎಂತದ್ದೂ ಅಲ್ಲ ಮಾರಾಯ್ರೆ, ಕಾಸರಗೋಡಿನ ಬದಿಯಡ್ಕದಿಂದ ಹೊರಟ್ರೆ ಪೊಸಡಿ ಗುಂಪೆ ಗುಡ್ಡೆ ಕಡೆ, ರಜೆ ಜಾಸ್ತಿ ಸಿಕ್ಕಿದ್ರೆ ರಾಣಿಪುರ, ಇಲ್ಲದಿದ್ರೆ ಸುಳ್ಯ ದಾಟಿ ಸುಬ್ರಹ್ಮಣ್ಯದ ಕಡೆ, ಅಷ್ಟೆ. ಹಾಗಾಗಿ ಕೆಳಗೆ ಬರೆದದ್ದೆಲ್ಲ ನಮ್ಮ ಸೆಖೆ, ನಮ್ಮ ಮಳೆ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಲೆಕ್ಕ. ಇದನ್ನು ನಂಬಿ ಲಡಾಖಿಗೆ ಹ್ಯಾಮಕ್, ಅಂದ್ರೆ ಎರಡು ಮರದ ನಡುವೆ ಕಟ್ಟಿ ಮಲಗುವ ಬಟ್ಟೆಯ ತೊಟ್ಟಿಲು, ಹೊತ್ತುಕೊಂಡು ಹೋದವರಿಗೆ ಕಟ್ಲಿಕ್ಕೆ ಮರ ಸಿಗದಿದ್ರೆ ನನ್ನನ್ನು ಬೈಬೇಡಿ.

ಮೊದಲ ರಾತ್ರಿ ಗುಂಪೆ ಹತ್ತಿರದ ಒಂದು ಪದವಿನಲ್ಲಿ, ಅಂದ್ರೆ ಮುರಕಲ್ಲಿನ ಬಯಲುಗುಡ್ಡೆಯಲ್ಲಿ, ಜಾಗದವರ ಹತ್ರ ಕೇಳಿಯೇ ಟೆಂಟ್ ಹಾಕಿದ್ದು. ನವೆಂಬರ್ ಕೊನೆ, ಹುಲ್ಲು ಇನ್ನೂ ಪೂರ್ತಿ ಒಣಗಿರ್ಲಿಲ್ಲ, ಸಂಜೆ ಪಶ್ಚಿಮಕ್ಕೆ ದೂರದಲ್ಲಿ ಸಮುದ್ರ ಒಂದು ಗೆರೆ ಹಾಗೆ ಕಾಣ್ತಿತ್ತು, ಎಲ್ಲ ಚಂದ. ಟೆಂಟನ್ನು ನೆಲಕ್ಕೆ ಬಿಗಿಯುವ ಗೂಟ, ಅದೇ ಪೆಗ್, ಹೊಡಿಲಿಕ್ಕೆ ಶುರು ಮಾಡಿದೆ. ಹುಲ್ಲಿನ ಕೆಳಗೆ ಎರಡಿಂಚು ಮಣ್ಣು, ಅದರಡಿ ಸೀದಾ ಮುರಕಲ್ಲು. ಮೊದಲ ಪೆಟ್ಟಿಗೆ ಟಣ್ ಅಂತು, ಎರಡನೇ ಪೆಟ್ಟಿಗೆ ಪೆಗ್ ಕೊಡೆಯ ಹಿಡಿ ಹಾಗೆ ಬಗ್ಗಿತು. ಎಂಟರಲ್ಲಿ ಐದು ಪೆಗ್ ಹಾಗೆಯೇ ಹೋಯ್ತು. ಕಡೆಗೆ ಮಾಡಿದ್ದು ಎಂತ ಅಂದ್ರೆ, ಟೆಂಟಿನ ಮೂಲೆಯ ಕುಣಿಕೆಯೊಳಗೆ ಒಂದು ಗೇಣು ಉದ್ದದ ಕೋಲು ತೂರಿಸಿ ಆ ಕೋಲಿನ ಮೇಲೆ ಕಲ್ಲು ಹೇರಿದ್ದು. ಬಳ್ಳಿಯನ್ನು ಸೀದಾ ಕಲ್ಲಿಗೆ ಸುತ್ತಿದ್ರೆ ಮುರಕಲ್ಲಿನ ಅಂಚು ರಾತ್ರಿಯಿಡೀ ಉಜ್ಜಿ ಉಜ್ಜಿ ತುಂಡು ಮಾಡ್ತದೆ, ಕೋಲು ಇದ್ರೆ ಆ ಕಿರಿಕಿರಿ ಇಲ್ಲ. ಇವತ್ತಿಗೂ ಪದವಿಗೆ ಹೋಗುವಾಗ ನಾನು ಎರಡೇ ಪೆಗ್ ಹಿಡ್ಕೊಳ್ಳುದು. ಒಂದು ಮಾತ್ರ ನೋಡ್ಕೊಳ್ಳಿ, ಕಂಬಿ ಹಾಕಿದ ಕೂಡ್ಲೆ ತಾನಾಗಿ ನಿಲ್ಲುವ ಟೆಂಟೇ ಆಗ್ಬೇಕು, ಪೆಗ್ಗಿನ ಬಲದಲ್ಲೇ ನಿಲ್ಲುವ ಜಾತಿಯದ್ದು ನಮ್ಮ ಪದವಿಗೆ ಆಗುದಿಲ್ಲ.

ಬೆಳಿಗ್ಗೆ ಎದ್ದು ನೋಡಿದ್ರೆ ಒಳಗೆಲ್ಲ ಚಂಡಿ. ಮಳೆಯೇ ಬಂದಿಲ್ಲ! ಟೆಂಟ್ ಸೋರ್ತದೆ ಅಂತ ಅಂಗಡಿಯವರಿಗೆ ಫೋನ್ ಮಾಡಿ ಜಗಳ ಮಾಡುವ ಅಂತ ಇದ್ದೆ, ಪುಣ್ಯಕ್ಕೆ ಮಾಡ್ಲಿಲ್ಲ. ಅದು ನಾವೇ ಬಿಟ್ಟ ಉಸಿರು. ಇಬ್ಬರು ರಾತ್ರಿಯಿಡೀ ಬಿಟ್ಟ ಉಸಿರಿನ ನೀರಿನಂಶ, ಹೊರಗಿನ ಮಂಜಿಗೆ ತಣ್ಣಗಾದ ಬಟ್ಟೆಗೆ ತಾಗಿ ಹನಿಯಾಗಿ ಕೂತದ್ದು. ಗಾಳಿ ಬರ್ತದೆ ಅಂತ ನಾನು ಮೇಲಿನ ಎರಡೂ ಕಿಂಡಿ ಮುಚ್ಚಿದ್ದೆ, ಅದೇ ತಪ್ಪು. ಈಗ ಚಳಿಯಾದ್ರೂ ಕಿಂಡಿ ತೆರೆದೇ ಇಡುದು, ಮೇಲಿನ ಮಳೆಬಟ್ಟೆ ಒಳಗಿನ ಬಟ್ಟೆಗೆ ತಾಗದ ಹಾಗೆ ಎಳೆದು ಕಟ್ಟುದು.

ಮಾರ್ಚ್ ಬಂದ ಮೇಲೆ ಟೆಂಟಿನ ಆಸೆಯೇ ಹೋಯ್ತು. ರಾತ್ರಿ ಹತ್ತು ಗಂಟೆಗೂ ಒಳಗೆ ಮಲಗಿದ್ರೆ ಇಡ್ಲಿ ಅಟ್ಟದಲ್ಲಿ ಇಟ್ಟ ಹಾಗೆ. ಬಾಗಿಲು ತೆಗೆದ್ರೆ ನುಸಿ, ಹಾಕಿದ್ರೆ ಬೆವರು. ಆಗಲೇ ಹ್ಯಾಮಕ್ಕಿನ ಆಲೋಚನೆ ಬಂದದ್ದು.

ಹ್ಯಾಮಕ್ ತಂದ ದಿವಸ ಮನೆ ಅಂಗಳದಾಚೆ ಎರಡು ಸಾಗುವಾನಿ ಮರಕ್ಕೆ ಕಟ್ಟಿದೆ. ಜೋತು ಬೀಳಬಾರದು, ಮಂಚದ ಹಾಗೆ ಚಪ್ಪಟೆ ಇರಬೇಕು ಅಂತ ಎಷ್ಟು ಸಾಧ್ಯವೋ ಅಷ್ಟು ಬಿಗಿದೆ, ಬ್ಯಾಡ್ಮಿಂಟನ್ ನೆಟ್ ಕಟ್ಟಿದ ಹಾಗೆ. ಮಲಗಿದ್ರೆ ಎರಡು ಬದಿಯ ಬಟ್ಟೆ ಭುಜವನ್ನು ಹಿಂಡಿ, ಬೆನ್ನು ಬಾಳೆಹಣ್ಣಿನ ಹಾಗೆ ಬಗ್ಗಿ, ಸ್ವಲ್ಪ ಮಗ್ಗುಲಾದ್ರೆ ಕೆಳಗೆ ಬೀಳುವ ಹಾಗೆ. ಅಜ್ಜಿ ಜಗಲಿಯಲ್ಲಿ ಕೂತು ನೋಡ್ತಾ ಇದ್ರು. "ಆರಾರು ತೊಟ್ಲಿನ ಹೀಂಗೆ ಬಿಗುದು ಕಟ್ಟುಗೋ ಮಾಣಿ?" ಅಂತ ಕೇಳಿದ್ರು. ನಾನು ನಕ್ಕು ಬಿಟ್ಟೆ, ಆದ್ರೆ ಆಮೇಲೆ ಓದಿ ಲೆಕ್ಕ ಹಾಕಿ ನೋಡಿದ್ರೆ ಇಡೀ ವಿಷಯ ಇದ್ದದ್ದೇ ಅದರಲ್ಲಿ. ಸೀರೆಯ ತೊಟ್ಟಿಲನ್ನು ಯಾರೂ ಬಿಗಿಯುದಿಲ್ಲ, ಜೋಲು ಬಿಡ್ತಾರೆ, ಮಗು ಅದರಲ್ಲಿ ಅಡ್ಡಕ್ಕೆ ಮಲಗ್ತದೆ.

ಲೆಕ್ಕ ಹೀಗೆ. ಮರದಿಂದ ಬರುವ ಪಟ್ಟಿ ಅಡ್ಡಗೆರೆಗೆ 30 ಡಿಗ್ರಿ ಇಳಿಜಾರಲ್ಲಿ ಇದ್ರೆ ಒಂದೊಂದು ಬದಿಗೆ ಬೀಳುವ ಎಳೆತ ಸರಿಯಾಗಿ ನಮ್ಮ ತೂಕದಷ್ಟೇ. ನನ್ನದು 68 ಕಿಲೋ, ಹಾಗಾಗಿ ಆಚೆಗೂ 68, ಈಚೆಗೂ 68. ಅದೇ 10 ಡಿಗ್ರಿಗೆ ಬಿಗಿದ್ರೆ ಒಂದೊಂದು ಬದಿಗೆ ಸುಮಾರು 196 ಕಿಲೋ. ಹೊಲಿಗೆ ಬಿಡುದು, ಕೊಕ್ಕೆ ಜಾರುದು, ಮರದ ಸಿಪ್ಪೆ ಕೀಳುದು ಎಲ್ಲ ಇದೇ ಕಾರಣಕ್ಕೆ. ಮೊಬೈಲಿನಲ್ಲಿ ಲೆವೆಲ್ ನೋಡುವ ಆ್ಯಪ್ ಉಂಟಲ್ಲ, ಫೋನನ್ನು ಪಟ್ಟಿಗೆ ತಾಗಿಸಿ ಹಿಡಿದ್ರೆ ಡಿಗ್ರಿ ಗೊತ್ತಾಗ್ತದೆ, ನಾಲ್ಕು ಸಲ ಮಾಡಿದ ಮೇಲೆ ಕಣ್ಣಂದಾಜು ಬರ್ತದೆ.

ಎರಡನೇ ಸಂಗತಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗುದು. ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ. ಆಗ ಬೆನ್ನು ಚಪ್ಪಟೆಯಾಗ್ತದೆ, ಮೊದಲ ಸಲ ಇದು ಗೊತ್ತಾದಾಗ ನಾನು ಒಬ್ಬನೇ "ಓಹೋ" ಅಂತ ಬೊಬ್ಬೆ ಹಾಕಿದ್ದೆ. ಆದ್ರೆ ಇದಕ್ಕೆ ಬಟ್ಟೆ ಉದ್ದ ಬೇಕು. ನಾನು ತಂದದ್ದು ಒಂಬತ್ತು ಅಡಿಯದ್ದು, ನನ್ನ ಎತ್ತರ ಐದು ಅಡಿ ಒಂಬತ್ತು ಇಂಚು, ಓರೆ ಮಲಗಿದ್ರೆ ಹಿಮ್ಮಡಿ ಬಟ್ಟೆಗೆ ಒತ್ತಿ ನೋವು. ಕಡೆಗೆ ತೆಳು ನೈಲಾನ್ ಬಟ್ಟೆ ತಂದು ಪೇಟೆಯ ಟೈಲರಣ್ಣನ ಹತ್ರ ಹನ್ನೊಂದು ಅಡಿ ಉದ್ದದ್ದು ಹೊಲಿಸಿದೆ, ಎರಡು ತುದಿಯಲ್ಲಿ ಬಳ್ಳಿ ತೂರುವ ಹಾಗೆ ಮಡಚಿ ಮೂರು ಸಾಲು ಹೊಲಿಗೆ. ತುದಿಯಿಂದ ತುದಿಗೆ ಮೇಲಿನಿಂದ ಒಂದು ಬಳ್ಳಿ ಕೊಟ್ಟಿದ್ದೇನೆ, ಆ ಬಳ್ಳಿಯ ಉದ್ದ ಬಟ್ಟೆಯ ಉದ್ದದ ನೂರಕ್ಕೆ 83ರಷ್ಟು, ಅಂದ್ರೆ ನನ್ನದಕ್ಕೆ 2 ಮೀಟರ್ 78 ಸೆಂಟಿಮೀಟರ್. ಇದು ಇದ್ರೆ ಮರ ಹತ್ತಿರ ಇರ್ಲಿ ದೂರ ಇರ್ಲಿ, ಜೋಲು ಯಾವಾಗಲೂ ಒಂದೇ. ಟಾರ್ಚು, ಕನ್ನಡಕ ನೇತು ಹಾಕ್ಲಿಕ್ಕೂ ಆಗ್ತದೆ.

ಈಗ ಮರದ ವಿಷಯ, ನಮ್ಮಲ್ಲಿ ಅದೇ ದೊಡ್ಡ ಕಥೆ. ಅಡಿಕೆ ತೋಟದಲ್ಲಿ ಮರಕ್ಕೆ ಎಂತ ಬರಗಾಲ ಅಂತ ನೀವು ಕೇಳ್ಬಹುದು. ಅಡಿಕೆ ಸಸಿ ಇಡುದು 2.7 ಮೀಟರಿಗೆ ಒಂದು, ಅಂದ್ರೆ ಒಂಬತ್ತು ಅಡಿ. ಪಕ್ಕದ ಎರಡು ಮರಕ್ಕೆ ನನ್ನ ಹ್ಯಾಮಕ್ ಹಿಡಿಯುದೇ ಇಲ್ಲ. ಓರೆಯ ಮರಕ್ಕೆ ಅಳೆದ್ರೆ ಹನ್ನೆರಡೂ ಮುಕ್ಕಾಲು ಅಡಿ ಹತ್ತಿರ ಬರ್ತದೆ, ಅಳತೆಗೆ ಹೇಳಿ ಮಾಡಿಸಿದ ಹಾಗೆ! ಅದೇ ಖುಷಿಯಲ್ಲಿ ಕಟ್ಟಿ ಮಲಗಿದೆ. ಅಡಿಕೆ ಮರ ಬಗ್ಗುವ ಮರ, ನಾನು ಮಗ್ಗುಲಾದಾಗೆಲ್ಲ ಮೇಲೆ ಎರಡೂ ಮರ ತಲೆ ಆಡಿಸ್ತಿತ್ತು. ಎರಡು ಗಂಟೆ ಹೊತ್ತಿಗೆ ಧಡ್ ಅಂತ ಒಂದು ಶಬ್ದ, ಹಣ್ಣಾದ ಸೋಗೆ ಹಾಳೆ ಸಮೇತ ಮಳೆಗೆ ಅಂತ ಮೇಲೆ ಕಟ್ಟಿದ ಟಾರ್ಪಿನ ಮೇಲೆ. ಟಾರ್ಪ್ ತಡೆಯಿತು, ಎದೆ ಮಾತ್ರ ಬೆಳಗ್ಗಿನವರೆಗೆ ಹೊಡ್ಕೊಳ್ತಾ ಇತ್ತು. ಆಮೇಲೆ ಅಡಿಕೆ ಮರಕ್ಕೆ ಕೈಮುಗಿದೆ. ತೆಂಗು ಅಂತೂ ಕೇಳುದೇ ಬೇಡ, ಅಂತರ ಏಳೂವರೆ ಮೀಟರ್, ಅದು ಬಿಡಿ, ಮೇಲಿಂದ ಒಂದು ಬೊಂಡ ಬಿದ್ರೆ ಮತ್ತೆ ಟ್ರೆಕ್ಕಿಂಗ್ ಇಲ್ಲ. ರಬ್ಬರ್ ಮರ ಗಾಳಿಗೆ ಲಟಕ್ಕ ಮುರಿಯುವ ಜಾತಿ, ಹಾಲು ತೆಗೆಯುವ ಸಿಪ್ಪೆಗೆ ಪಟ್ಟಿ ಸುತ್ತಿದ್ರೆ ತೋಟದವರು ಬೈಯ್ಯುದು ನ್ಯಾಯವೇ. ಹಲಸು ಒಳ್ಳೆ ಮರ, ಕಾಯಿ ಬಿಟ್ಟ ತಿಂಗಳು ಬಿಟ್ಟು. ಒಟ್ಟು ನಾನು ನೋಡುದು ತೊಡೆಯಷ್ಟು ದಪ್ಪದ ಜೀವಂತ ಕಾಡುಮರ ಅಥವಾ ಸಾಗುವಾನಿ, ಮೊದಲು ತಲೆ ಎತ್ತಿ ಒಣ ಕೊಂಬೆ ಉಂಟಾ ನೋಡುದು, ಚಗಳಿ (ಕೆಂಪಿರುವೆ) ಗೂಡು ಉಂಟಾ ನೋಡುದು, ಮತ್ತೆ ಪಟ್ಟಿ. ಚಗಳಿ ಸಾಲು ಪಟ್ಟಿಯ ಮೇಲಿಂದ ಸೀದಾ ಹಾಸಿಗೆಗೆ ಬರ್ತದೆ, ಅನುಭವದ ಮಾತು. ಪಟ್ಟಿ ಒಂದು ಇಂಚಿಗಿಂತ ಕಮ್ಮಿ ಅಗಲ ಬೇಡ, ಸಪೂರ ಬಳ್ಳಿ ಸಿಪ್ಪೆಯನ್ನು ಕೊರೀತದೆ. ಪಾಲಿಯೆಸ್ಟರ್ ಆಗ್ಬೇಕು, ನೈಲಾನ್ ಪಟ್ಟಿ ಎಳೀತದೆ, ಮಲಗುವಾಗ ಕುರ್ಚಿ ಎತ್ತರದಲ್ಲಿದ್ದವರು ಬೆಳಿಗ್ಗೆ ನೆಲದಲ್ಲಿ.

ಮಳೆಯ ಪರೀಕ್ಷೆ ಆದದ್ದು ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್), ಸುಳ್ಯದ ಆಚೆ ನೆಂಟರ ತೋಟದ ಕರೆಯಲ್ಲಿ, ಅಂದ್ರೆ ಅಂಚಿನಲ್ಲಿ. ನಾನು ಹ್ಯಾಮಕ್ಕಲ್ಲಿ, ಭಾವ ನನ್ನ ಹಳೆ ಟೆಂಟಲ್ಲಿ. ಸಂಜೆ ಪೂರ್ವದಿಂದ ಗುಡುಗು ಶುರುವಾಯ್ತು, ಆ ಕಾಲದ ಮಳೆ ನಿಮಗೆ ಗೊತ್ತುಂಟಲ್ಲ, ಒಂದು ಗಂಟೆ ಹೊಡೆದ್ರೆ ಕಣಿಯೆಲ್ಲ ತುಂಬುದು. ಭಾವ ಮೆತ್ತಗೆ ಉಂಟು ಅಂತ ತಗ್ಗಿನಲ್ಲಿ ಟೆಂಟ್ ಹಾಕಿದ್ದ, ಅಡಿಗೆ ಹಾಸಿದ ಪ್ಲಾಸ್ಟಿಕ್ ಶೀಟು ಟೆಂಟಿಗಿಂತ ಒಂದು ಮೊಳ ಹೊರಗೆ ಚಾಚಿತ್ತು. ಮೇಲಿಂದ ಬಿದ್ದ ನೀರೆಲ್ಲ ಆ ಶೀಟಿನ ಮೇಲೆ ಬಿದ್ದು ಸೀದಾ ಟೆಂಟಿನ ಅಡಿಗೆ. ಶೀಟು ಯಾವಾಗಲೂ ಟೆಂಟಿನ ಬುಡಕ್ಕಿಂತ ನಾಲ್ಕು ಬೆರಳು ಒಳಗೇ ಇರಬೇಕು. "ಭಾವ, ನೀರಿನ ಹಾಸಿಗೆ ಮಾರಾಯ" ಅಂತ ಅವನು ಒಳಗಿಂದ ಹೇಳುವಾಗ ನಾನು ಮೇಲೆ ರಾಜನ ಹಾಗೆ ನಗ್ತಾ ಇದ್ದೆ. ಹತ್ತು ನಿಮಿಷ ಅಷ್ಟೆ. ತಲೆ ಕಡೆಯ ಪಟ್ಟಿಯಲ್ಲಿ ಮರದ ನೀರು ಸಾಲಾಗಿ ಇಳಿದು ನನ್ನ ಕುತ್ತಿಗೆಗೆ ಬಂತು. ಟಾರ್ಪ್ ಎಷ್ಟು ದೊಡ್ಡದಿದ್ದರೂ ಮರಕ್ಕೆ ಕಟ್ಟಿದ ಪಟ್ಟಿ ಅದರ ಹೊರಗೇ ಇರುದಲ್ವಾ, ನೀರು ಅದನ್ನೇ ದಾರಿ ಮಾಡ್ಕೊಳ್ತದೆ. ಮದ್ದು ಎರಡು ರೂಪಾಯಿಯದ್ದು: ಟಾರ್ಪಿನ ಒಳಗೆ ಬರುವ ಜಾಗದಲ್ಲಿ ಪಟ್ಟಿಗೆ ಒಂದು ಗೇಣು ಹತ್ತಿ ನೂಲು ಕಟ್ಟಿ ನೇತು ಬಿಡುದು, ನೀರು ಅಲ್ಲಿಯೇ ತಿರುಗಿ ನೂಲಿನಲ್ಲಿ ಕೆಳಗೆ ಇಳೀತದೆ. ಆ ರಾತ್ರಿ ಟಾರ್ಚ್ ಬೆಳಕಲ್ಲಿ ಪಂಚೆಯ ಅಂಚು ಹರಿದು ಕಟ್ಟಿದ್ದು, ಕಟ್ಟಿದ ಎರಡು ನಿಮಿಷಕ್ಕೆ ತೊಟ್ಟು ನಿಂತಿತು. ಇನ್ನೊಂದು, ಗುಡುಗು ಮಿಂಚಿನ ಸಂಜೆ ಪದವಿನ ಮೇಲೆ ಟೆಂಟೂ ಬೇಡ, ಒಂಟಿ ಮರಕ್ಕೆ ಹ್ಯಾಮಕ್ಕೂ ಬೇಡ, ಮನೆಗೆ ಹೋಗಿ.

ಚಳಿ ನನಗೆ ಗೊತ್ತೇ ಇಲ್ಲದ ಕಡೆಯಿಂದ ಬಂತು. ಡಿಸೆಂಬರಲ್ಲಿ ರಾಣಿಪುರದ ಬುಡದಲ್ಲಿ ಪರಿಚಯದವರ ತೋಟದಲ್ಲಿ ಮಲಗಿದ್ದೆ, ಮರುದಿನ ಬೆಳಿಗ್ಗೆ ಟಿಕೆಟ್ ತಗೊಂಡು ಗುಡ್ಡೆ ಹತ್ತುವ ಲೆಕ್ಕ. ಮೈಸುತ್ತ ಒಳ್ಳೆ ಕಂಬಳಿ. ಆದ್ರೂ ಮೂರು ಗಂಟೆಗೆ ಬೆನ್ನು, ಕುಂಡೆ ಎಲ್ಲ ಮಂಜುಗಡ್ಡೆ. ಕಾರಣ ಸುಲಭ, ಮೈಭಾರಕ್ಕೆ ಅಡಿಯ ಕಂಬಳಿ ಅಪ್ಪಚ್ಚಿಯಾಗಿ ಅದರೊಳಗೆ ಗಾಳಿಯೇ ಉಳಿಯುದಿಲ್ಲ, ಹ್ಯಾಮಕ್ಕಿನ ಅಡಿಯಲ್ಲಿ ಮಾತ್ರ ಗಾಳಿ ಬೀಸ್ತಾನೇ ಇರ್ತದೆ. ಟೆಂಟಲ್ಲಾದ್ರೆ ನೆಲ ತಣ್ಣಗಿದ್ರೂ ಒಂದು ಫೋಮ್ ಮ್ಯಾಟ್ ಹಾಕಿದ್ರೆ ಮುಗೀತು. ಹ್ಯಾಮಕ್ಕಲ್ಲಿ ಮ್ಯಾಟ್ ಹಾಕಿದ್ರೆ ರಾತ್ರಿ ಜಾರಿ ಹೋಗ್ತದೆ. ನಾನು ಆಮೇಲೆ ಹ್ಯಾಮಕ್ಕಿಗೆ ಇನ್ನೊಂದು ಪದರ ಹೊಲಿಸಿ ಮ್ಯಾಟನ್ನು ಎರಡರ ನಡುವೆ ಸಿಕ್ಕಿಸಿದೆ. ಇದರಿಂದ ಇನ್ನೊಂದು ಲಾಭ ಆಯ್ತು. ತೆಳು ಬಟ್ಟೆಯಾದ್ರೆ ನುಸಿ ಕೆಳಗಿಂದಲೇ ಬಟ್ಟೆ ಸಮೇತ ಚುಚ್ಚುತ್ತದೆ, ಮೇಲೆ ನೆಟ್ ಕಟ್ಟಿ ಸುಖದಲ್ಲಿ ಮಲಗಿದವನಿಗೆ ಬೆಳಿಗ್ಗೆ ಬೆನ್ನು ತುಂಬಾ ದಡಿಕೆ. ಮ್ಯಾಟ್ ಹಾಕಿದ ಮೇಲೆ ಅದೂ ನಿಂತಿತು.

ಹ್ಯಾಮಕ್ ಅಂದ್ರೆ ತೂಕ ಕಮ್ಮಿ ಅಂತ ಎಲ್ಲರೂ ಹೇಳ್ತಾರೆ. ನನ್ನದನ್ನು ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದ್ದೇನೆ: ಎರಡು ಪದರದ ಬಟ್ಟೆ 750 ಗ್ರಾಮ್, ಪಟ್ಟಿ ಕೊಕ್ಕೆ 300, ಟಾರ್ಪ್ 700, ನೆಟ್ 350, ಮ್ಯಾಟ್ 350. ಎಷ್ಟಾಯ್ತು? ಎರಡು ಕಿಲೋ 450. ಟೆಂಟಿಗೂ ಮ್ಯಾಟ್ ಬೇಕು ಅಂತ ಸೇರಿಸಿದ್ರೂ ವ್ಯತ್ಯಾಸ ಅರ್ಧ ಕಿಲೋ. ಮತ್ತೆ ಟೆಂಟನ್ನು ಇಬ್ಬರು ಹಂಚಿಕೊಂಡು ಹೊತ್ರೆ ಅದೇ ಹಗುರ. ತೂಕಕ್ಕೋಸ್ಕರ ಹ್ಯಾಮಕ್ ತಗೊಳ್ಳುದು ನನ್ನ ಪ್ರಕಾರ ಸುಮ್ಮನೆ. ನಾನು ತಗೊಂಡದ್ದು ಸೆಖೆಗೆ, ಮತ್ತೆ ಇಳಿಜಾರಿಗೆ. ನಮ್ಮ ಗುಡ್ಡೆಗಳಲ್ಲಿ ಚಪ್ಪಟೆ ಜಾಗ ಹುಡುಕಿ ಕಲ್ಲು ಹೆಕ್ಕಿ ಹೆಕ್ಕಿ ಸಾಕಾಗ್ತದೆ, ಹ್ಯಾಮಕ್ಕಿಗೆ ಅಡಿಯಲ್ಲಿ ಕಲ್ಲಿರ್ಲಿ ಕೆಸರಿರ್ಲಿ ಉಂಬಳ (ಜಿಗಣೆ) ಇರ್ಲಿ ಲೆಕ್ಕವೇ ಇಲ್ಲ.

ಬೋರಲು ಮಲಗಿ ಅಭ್ಯಾಸ ಇರುವವರಿಗೆ ಇದು ಆಗುದಿಲ್ಲ, ಹೆಂಡತಿ ಮಕ್ಕಳ ಜೊತೆ ಹೋಗುವಾಗಲೂ ಟೆಂಟೇ ಸರಿ, ಬಟ್ಟೆ ಬದಲಿಸ್ಲಿಕ್ಕೆ ಒಂದು ಮರೆ ಬೇಡ್ವಾ. ಕಾರಡ್ಕ, ದೇಲಂಪಾಡಿ ಕಡೆ ಆನೆ ತಿರುಗುವ ಕಾಡಂಚಿನಲ್ಲಿ ನಾನು ಎರಡರಲ್ಲೂ ಮಲಗುದಿಲ್ಲ, ಬಟ್ಟೆಯ ಗೋಡೆಯೂ ಬಟ್ಟೆಯ ತೊಟ್ಟಿಲೂ ಆನೆಗೆ ಒಂದೇ.

ಕಳೆದ ವರ್ಷ ಒಂದು ರಬ್ಬರ್ ತೋಟದ ಕರೆಯಲ್ಲಿ ಎರಡು ಕಾಡುಮರಕ್ಕೆ ಕಟ್ಟಿ ಮಲಗಿದ್ದೆ, ಮನೆಯವರಿಗೆ ಹೇಳಿದ್ದೆ, ಆದ್ರೆ ಟ್ಯಾಪಿಂಗಿನವರಿಗೆ ಯಾರೂ ಹೇಳಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಗೆ ತಲೆಗೆ ಲೈಟ್ ಕಟ್ಟಿಕೊಂಡು ಬಂದವರಿಗೆ ಕಂಡದ್ದು ಎರಡು ಮರದ ನಡುವೆ ಕಪ್ಪಗೆ ನೇತಾಡುವ ಹೆಣದ ಆಕಾರ, ಅದೂ ಗೊರಕೆ ಹೊಡೆಯುವ ಹೆಣ. ಅವರು "ಆರಾದ್?" (ಯಾರದು?) ಅಂತ ಹಾಕಿದ ಬೊಬ್ಬೆಗೆ ನಾನು ಗಾಬರಿಯಲ್ಲಿ ನೆಟ್ಟಿನ ಜಿಪ್ ಹುಡುಕಿ ಹುಡುಕಿ ಸಿಗದೆ ಒಳಗೇ ಒದ್ದಾಡಿದೆ, ಅದನ್ನು ನೋಡಿ ಅವರು ಇನ್ನೂ ಜೋರಾಗಿ ಕಿರುಚಿದ್ರು. ಈಗ ಸಂಜೆಯೇ ಹೋಗಿ ಅವರ ಹತ್ರ ಒಂದು ಮಾತು ಹೇಳಿ ಬರ್ತೇನೆ, ಟಾರ್ಪಿನ ಮೂಲೆಗೆ ಒಂದು ಬಿಳಿ ತೋರ್ತು (ಟವೆಲು) ನೇತು ಹಾಕ್ತೇನೆ. ಜಿಪ್ಪಿನ ತುದಿಗೂ ಕೆಂಪು ನೂಲು ಕಟ್ಟಿ ಆಗಿದೆ.