ಬೆಳಗಿನ ಮೊದಲ ಹೆಜ್ಜೆಗೇ ಹಿಮ್ಮಡಿ ನೋಯುತ್ತಾ? ಹೀಗೆ ಮಾಡಿ

ಬೆಳಗ್ಗೆ ಎದ್ದು ಕಾಲೂರಿದ ಕೂಡಲೇ ಹಿಮ್ಮಡಿಗೆ ಮೊಳೆ ಚುಚ್ಚಿದಂಥ ನೋವು. ನಾಲ್ಕು ಹೆಜ್ಜೆ ನಡೆದರೆ ಕಡಿಮೆ. ಕೂತು ಎದ್ದರೆ ಮತ್ತೆ ಶುರು. ಇದು ಹೆಚ್ಚಾಗಿ ಪ್ಲಾಂಟರ್ ಫ್ಯಾಸಿಯೈಟಿಸ್. ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನೊಳಗೆ ಒಂದು ದಪ್ಪ ಪಟ್ಟಿ ಇದೆ. ಅದರ ಮೇಲೆ ಎಳೆತ ಜಾಸ್ತಿಯಾದರೆ ಹೀಗಾಗುತ್ತದೆ. 40 ದಾಟಿದವರು, ತೂಕ ಏರಿದವರು, ದಿನವಿಡೀ ನಿಂತು ಕೆಲಸ ಮಾಡುವ ಟೀಚರ್, ಪೊಲೀಸ್, ಅಡುಗೆಯವರಲ್ಲಿ ಇದು ಹೆಚ್ಚು.

ನೆಲಕ್ಕೆ ಕಾಲಿಡುವ ಮೊದಲೇ ಚಿಕಿತ್ಸೆ ಶುರುವಾಗಬೇಕು. ಹಾಸಿಗೆ ಮೇಲೆ ಕೂತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಡಿ. ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಒತ್ತಿ ನೋಡಿ, ಪಟ್ಟಿ ತಂತಿಯಂತೆ ಬಿಗಿಯಾಗಿರಬೇಕು. 10 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ, ದಿನಕ್ಕೆ 3 ಹೊತ್ತು. ಒಂದೇ ಒಂದು ವ್ಯಾಯಾಮ ಮಾಡ್ತೀನಿ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಆಮೇಲೆ ಮೀನಖಂಡ. ಗೋಡೆಗೆ ಕೈಯೂರಿ ನೋಯುವ ಕಾಲನ್ನು ಹಿಂದಿಡಿ. ಹಿಮ್ಮಡಿ ಎತ್ತದೆ, ಆ ಮೊಣಕಾಲು ಮಡಿಸದೆ 30 ಸೆಕೆಂಡ್ ಮುಂದಕ್ಕೆ ಬಾಗಿ.

ಸಂಜೆ ನೀರು ತುಂಬಿ ಫ್ರೀಜರ್‌ನಲ್ಲಿಟ್ಟ ಬಾಟಲಿಗೆ ಬಟ್ಟೆ ಸುತ್ತಿ, ಅಂಗಾಲಿನಡಿ 15 ನಿಮಿಷ ಉರುಳಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಮಂಜು ಬೇಡವೇ ಬೇಡ.

ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡಬೇಡಿ. ಮನೆಯೊಳಗೂ ಎಂಸಿಆರ್ (ಮೆತ್ತನೆಯ ರಬ್ಬರ್) ಚಪ್ಪಲಿ ಹಾಕಿ. ಸವೆದ ಹವಾಯಿ ಚಪ್ಪಲಿಯನ್ನು ಎಸೆದುಬಿಡಿ.

ಎಕ್ಸ್‌ರೇ ನೋಡಿ 'ಮೂಳೆ ಬೆಳೆದಿದೆ' ಅಂದರೆ ಗಾಬರಿ ಬೇಡ. ನೋವೇ ಇಲ್ಲದ ಎಷ್ಟೋ ಜನರಿಗೂ ಅದು ಇರುತ್ತದೆ. ಆಪರೇಷನ್ ಬೇಕಾಗುವುದು ಅಪರೂಪ. ಆದರೆ ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವೆ, ವಾರಕ್ಕೇ ಬೇಸತ್ತು ಬಿಡಬೇಡಿ. ಸ್ಟೀರಾಯ್ಡ್ ಇಂಜೆಕ್ಷನ್‌ನಿಂದ ಬೇಗ ಆರಾಮ ಸಿಗಬಹುದು. ಆದರೆ ಪದೇ ಪದೇ ಕೊಡಿಸಿದರೆ ಆ ಪಟ್ಟಿಯೇ ಹರಿಯುವ ಅಪಾಯವಿದೆ.

ಪಾದದ ಕೀಲು ಊದಿ ಕೆಂಪಾಗಿದ್ದರೆ, ಜ್ವರವಿದ್ದರೆ, ಉಳುಕಿದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಮನೆಮದ್ದು ಸಾಲದು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅದುಮಿದಾಗ ತೀರಾ ನೋವಾದರೆ ಮೂಳೆಯಲ್ಲಿ ಬಿರುಕಿರಬಹುದು. ತಡಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ.