ಲಾರಿಯ ಡಿಪಿಎಫ್ ಕಟ್ಟಿಕೊಂಡರೆ ಏನು ಮಾಡಬೇಕು?

ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹಳದಿ ದೀಪ. ಡಬ್ಬಿಯಂಥ ಚಿತ್ರ, ಅದರೊಳಗೆ ಚುಕ್ಕಿಗಳು. ಲಾರಿ ಓಡುತ್ತಲೇ ಇರುತ್ತದೆ, ಹಾಗಾಗಿ ‘ಆಮೇಲೆ ನೋಡೋಣ’ ಅಂತ ಬಿಟ್ಟುಬಿಡುತ್ತೇವೆ. ನಮ್ಮ ಲಾರಿಯಲ್ಲೂ ಹೀಗೇ ಆಯಿತು. ಯಶವಂತಪುರ, ಪೀಣ್ಯ ಅಂತ ಊರೊಳಗೇ ಬಾಡಿಗೆ. ದೀಪ ಹತ್ತಿದ ನಾಲ್ಕನೇ ದಿನ ಪಿಕಪ್ಪೇ ಇಲ್ಲ. ಲೋಡ್ ಸಮೇತ ಒಂದು ಸಣ್ಣ ಏರಿನಲ್ಲಿ ನಿಂತುಬಿಟ್ಟಿತು. ಮೊದಲ ದಿನವೇ ಮುಕ್ಕಾಲು ಗಂಟೆ ಕೊಟ್ಟಿದ್ದರೆ ಆ ಖರ್ಚು ಬರುತ್ತಿರಲಿಲ್ಲ.

ಡಿಪಿಎಫ್ (ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್) ಅಂದರೆ ಸೈಲೆನ್ಸರ್ ಸಾಲಿನಲ್ಲಿರುವ ಮಸಿ ಜರಡಿ. 2020ರ ಏಪ್ರಿಲ್ 1ರಂದು ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಹೆಚ್ಚಿನ ಡೀಸೆಲ್ ಲಾರಿಗಳಲ್ಲಿ ಇದೆ. ಒಳಗೆ ಜೇನುಗೂಡಿನಂಥ ಸೆರಾಮಿಕ್. ಹೊಗೆ ಅದರ ಗೋಡೆ ತೂರಿಕೊಂಡು ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಆ ಮಸಿಯನ್ನು ಸುಡುವುದಕ್ಕೆ ರೀಜನರೇಷನ್ ಅನ್ನುತ್ತಾರೆ. ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತುವ ಲಾರಿಯಲ್ಲಿ ಸೈಲೆನ್ಸರ್ ಚೆನ್ನಾಗಿ ಕಾಯುತ್ತದೆ, ಮಸಿ ತಾನಾಗಿಯೇ ಉರಿಯುತ್ತಾ ಇರುತ್ತದೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಲಾರಿಗೆ ಆ ಶಾಖ ಎಲ್ಲಿಂದ ಬರಬೇಕು? ಅದಕ್ಕೇ ಲಾರಿಯ ಕಂಪ್ಯೂಟರ್ ಒಂಚೂರು ಡೀಸೆಲ್ ಜಾಸ್ತಿ ಬಿಟ್ಟು, ಫಿಲ್ಟರನ್ನು ಸುಮಾರು 550–600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೇ ನಿಂತುಹೋಗುತ್ತದೆ.

ಆದ್ದರಿಂದ ದೀಪ ಹತ್ತಿದ ಕೂಡಲೇ ಮೊದಲು ಹೈವೇಗೆ ಹೋಗಿ. ದೊಡ್ಡ ಗೇರ್ ಹಾಕಿ ನಿಧಾನ ಹೋಗುವುದು ಬೇಡ. ಆರ್‌ಪಿಎಂ ಸ್ವಲ್ಪ ಮೇಲೇ ಇರಲಿ, ಅರ್ಧ ಗಂಟೆ ಒಂದೇ ಸಮ ಓಡಿಸಿ. ಎಷ್ಟೋ ಸಲ ಇಷ್ಟಕ್ಕೇ ದೀಪ ಆರುತ್ತದೆ.

ಆರದಿದ್ದರೆ ನಿಲ್ಲಿಸಿ ಸುಡಬೇಕು. ಜಾಗ ನೋಡಿಕೊಳ್ಳಿ. ಒಣ ಹುಲ್ಲು, ತರಗೆಲೆ, ಪೆಟ್ರೋಲ್ ಬಂಕ್, ಗೋದಾಮಿನ ಒಳಗೆ ಖಂಡಿತ ಬೇಡ. ಸೈಲೆನ್ಸರ್ ಬಾಯಿಯ ಹತ್ತಿರ ಯಾರೂ ಇರಬಾರದು, ಅಲ್ಲಿಂದ ಬರುವ ಗಾಳಿ ಮೈ ಸುಡುತ್ತದೆ. ಎಂಜಿನ್ ಬಿಸಿಯಾಗಿರಲಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದು, ರೀಜನರೇಷನ್ ಸ್ವಿಚ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಆರ್‌ಪಿಎಂ ತಾನಾಗಿ ಏರುತ್ತದೆ. ಆಮೇಲೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಯಾವುದನ್ನೂ ಮುಟ್ಟಬೇಡಿ, ಮುಟ್ಟಿದರೆ ನಿಂತುಹೋಗುತ್ತದೆ. ಸಾಮಾನ್ಯವಾಗಿ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೆಂಪು ದೀಪ ಬಂದಿದ್ದರೆ ಮಾತ್ರ ಈ ಪ್ರಯತ್ನವೂ ಬೇಡ. ಮಸಿ ತೀರಾ ಜಾಸ್ತಿಯಾಗಿದ್ದಾಗ ಸುಟ್ಟರೆ ಶಾಖ ಕೈಮೀರಿ ಸೆರಾಮಿಕ್ಕೇ ಸೀಳಬಹುದು. ಎಂಜಿನ್ ನಿಲ್ಲಿಸಿ ಸರ್ವಿಸ್‌ನವರನ್ನು ಕರೆಸಿ.

ಎರಡೇ ದಿನಕ್ಕೆ ದೀಪ ಮತ್ತೆ ಬಂದರೆ ಫಿಲ್ಟರನ್ನು ಬೈದು ಪ್ರಯೋಜನವಿಲ್ಲ, ಕಾಯಿಲೆ ಬೇರೆ ಕಡೆ ಇರುತ್ತದೆ. ಆಯಿಲ್ ಗೇಜ್ ಎಳೆದು ನೋಡಿ. ಆಯಿಲ್ ಮೇಲಿನ ಗೆರೆ ದಾಟಿದೆಯಾ? ಬೆರಳಿಗೆ ಹಚ್ಚಿಕೊಂಡರೆ ನೀರಾಗಿದೆಯಾ, ಡೀಸೆಲ್ ವಾಸನೆ ಬರುತ್ತಿದೆಯಾ? ಹಾಗಿದ್ದರೆ ಅರ್ಧಕ್ಕೆ ನಿಂತ ರೀಜನರೇಷನ್‌ಗಳ ಡೀಸೆಲ್ಲೋ, ಸೋರುವ ಇಂಜೆಕ್ಟರ್‌ನ ಡೀಸೆಲ್ಲೋ ಆಯಿಲ್‌ಗೆ ಇಳಿದಿದೆ. ಆಯಿಲ್ ಬದಲಾಯಿಸದೆ ಓಡಿಸಬೇಡಿ, ಬೇರಿಂಗ್ ಹೋಗುತ್ತದೆ. ಟರ್ಬೊ ಆಯಿಲ್ ಬಿಡುತ್ತಿದ್ದರೂ, ಹೊಗೆಯ ಒಂದು ಪಾಲನ್ನು ಎಂಜಿನ್‌ಗೇ ತಿರುಗಿಸುವ ಇಜಿಆರ್ ವಾಲ್ವ್ ಸಿಕ್ಕಿಕೊಂಡಿದ್ದರೂ ಮಸಿ ಹೆಚ್ಚುತ್ತದೆ. ಫಿಲ್ಟರ್‌ನಿಂದ ಪ್ರೆಶರ್ ಸೆನ್ಸರ್‌ಗೆ ಹೋಗುವ ಎರಡು ಸಣ್ಣ ಪೈಪ್‌ಗಳನ್ನೂ ನೋಡಿಸಿ. ಒಂದು ಸೀಳಿದ್ದರೂ ಕಂಪ್ಯೂಟರ್‌ಗೆ ಸುಳ್ಳು ಲೆಕ್ಕ ಹೋಗುತ್ತದೆ. ಇನ್ನೊಂದು ಸುಲಭದ ಪರೀಕ್ಷೆ: ತಣ್ಣಗಾದ ಸೈಲೆನ್ಸರ್ ಬಾಯಿಯೊಳಗೆ ಬೆರಳು ಒರೆಸಿ. ಬೆರಳಿಗೆ ಕಪ್ಪು ಮೆತ್ತಿದರೆ ಫಿಲ್ಟರ್ ಒಳಗೆ ಒಡೆದಿರುವ ಸಾಧ್ಯತೆ ಇದೆ.

ಎಲ್ಲವೂ ಸರಿಯಿದ್ದರೂ ಒಂದು ದಿನ ಫಿಲ್ಟರ್ ಬಿಚ್ಚಲೇಬೇಕು. ಸೌದೆ ಒಲೆಯಲ್ಲಿ ಉರಿದ ಮೇಲೆ ಬೂದಿ ಉಳಿಯುತ್ತದೆ ಅಲ್ವಾ, ಇಲ್ಲೂ ಹಾಗೇ. ಎಂಜಿನ್ ಆಯಿಲ್‌ನಲ್ಲಿರುವ ಲೋಹದ ಅಂಶ ಬೂದಿಯಾಗಿ ಕೂರುತ್ತದೆ, ಅದು ಎಷ್ಟು ಕಾಯಿಸಿದರೂ ಹೋಗದು. ಕಡಿಮೆ ಬೂದಿಯ, ಕಂಪನಿ ಹೇಳಿದ ಆಯಿಲ್ಲೇ ಹಾಕಿ ಅನ್ನುವುದು ಇದಕ್ಕೇ. ವಾಟರ್ ಸರ್ವಿಸ್‌ನ ಗನ್ ಹಿಡಿದು ಫಿಲ್ಟರ್ ತೊಳೆಯುವವರಿದ್ದಾರೆ. ಬೇಡ, ಸೆರಾಮಿಕ್ ಹಾಳಾಗುತ್ತದೆ. ಓವನ್‌ನಲ್ಲಿ ಕಾಯಿಸಿ, ಹಿಂದಿನಿಂದ ಮುಂದಕ್ಕೆ ಗಾಳಿ ಹೊಡೆದು ಬೂದಿ ತೆಗೆಯುವ ಮೆಷಿನ್ ಇರುವಲ್ಲಿಗೇ ಕೊಡಿ.

ಕೆಲವರು ‘ಸುಮ್ನೆ ಯಾಕೆ ತಲೆನೋವು, ಒಳಗಿನದು ಒಡೆದು ಖಾಲಿ ಡಬ್ಬಿ ಕೂರಿಸ್ತೀವಿ’ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ. ಜೊತೆಗೆ ಆ ಮಸಿಯೆಲ್ಲ ನಿಮ್ಮ ಹಿಂದೆ ಸ್ಕೂಟರ್‌ನಲ್ಲಿ ಬರುವ ಮಗುವಿನ ಎದೆಗೂಡು ಸೇರುತ್ತದೆ.

ಕ್ಲೀನ್ ಮಾಡಿಸುವ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಫಿಲ್ಟರನ್ನು ನಿಮ್ಮೆದುರೇ ತೂಕ ಹಾಕಿಸಿ. ಎರಡೂ ತೂಕ ಬಿಲ್ ಮೇಲೆ ಬರೆಸಿಕೊಳ್ಳಿ. ಲಾರಿಗೆ ಕೂರಿಸಿದ ಮೇಲೆ ಕಂಪ್ಯೂಟರ್‌ನಲ್ಲಿ ಬೂದಿಯ ಲೆಕ್ಕವನ್ನು ಸೊನ್ನೆಗೆ ತರಿಸದೆ ಗ್ಯಾರೇಜ್ ಬಿಡಬೇಡಿ.